ಹಿರೋಶಿಮಾದಲ್ಲಿ ಒಂದು ರಾತ್ರಿ ಉಳಿಯಿರಿ

ಜಪಾನಿಗೆ ಹೋಗುವ ಕುಟುಂಬಗಳ ಪ್ರವಾಸಪಟ್ಟಿಯಲ್ಲಿ ಹಿರೋಶಿಮಾಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು ಹಗಲು ಮಾತ್ರ. ಬೆಳಿಗ್ಗೆ ಒಸಾಕಾದಲ್ಲಿ ಶಿಂಕಾನ್‌ಸೆನ್ ರೈಲು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಊರು ತಲುಪಿಯಾಯಿತು. ಬಾಂಬಿಗೆ ಸಿಕ್ಕಿಯೂ ನಿಂತ ಗುಮ್ಮಟದ ಮುಂದೆ ಫೋಟೊ, ವಸ್ತುಸಂಗ್ರಹಾಲಯದಲ್ಲಿ ಅವಸರದ ಒಂದು ಸುತ್ತು, ಮಧ್ಯಾಹ್ನ ಮಿಯಾಜಿಮಾ ದ್ವೀಪ, ರಾತ್ರಿ ಊಟಕ್ಕೆ ಮತ್ತೆ ಒಸಾಕಾ. ಖರ್ಚಿನ ಲೆಕ್ಕದಲ್ಲಿ ಇದು ಜಾಣತನವೇ. ಆದರೆ ಜೊತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಒಂದು ಊರಿನಲ್ಲಿ ಮಾತ್ರ ಜಾಣತನವನ್ನು ಸ್ವಲ್ಪ ಬದಿಗಿಡಬೇಕು. ಸಂಗ್ರಹಾಲಯದಿಂದ ಹೊರಬಂದ ಮಗುವನ್ನು ಹತ್ತು ನಿಮಿಷದೊಳಗೆ ಮತ್ತೊಂದು ‘ಪಾಯಿಂಟ್’ಗೆ ಎಳೆದೊಯ್ಯುವುದು ಸರಿಯಲ್ಲ.

ಪಠ್ಯಪುಸ್ತಕದಲ್ಲಿ ಹಿರೋಶಿಮಾ ಎಂದರೆ ಒಂದು ತಾರೀಕು: 1945ರ ಆಗಸ್ಟ್ 6, ಬೆಳಿಗ್ಗೆ 8.15. ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಸತ್ತರೆಂದು ಅಂದಾಜು. ಪರೀಕ್ಷೆಗೆ ಇಷ್ಟು ಸಾಕು. ಆದರೆ ರೈಲಿನಿಂದ ಇಳಿದವರಿಗೆ ಎದುರಾಗುವುದು ಸುಮಾರು 12 ಲಕ್ಷ ಜನರು ಬಾಳುತ್ತಿರುವ, ಓಟಾ ನದಿ ಕವಲೊಡೆದ ಮುಖಜಭೂಮಿಯ ಮೇಲೆ ಹರಡಿಕೊಂಡ ಗೆಲುವಾದ ಪಟ್ಟಣ. ಸೇತುವೆ ದಾಟಿದರೆ ಇನ್ನೊಂದು ಸೇತುವೆ; ನಡುವೆ ಗಡಗಡ ಸದ್ದು ಮಾಡುತ್ತ ಸಾಗುವ ಟ್ರಾಮ್. 2025ರ ಆಗಸ್ಟಿನಿಂದ ಈ ಟ್ರಾಮುಗಳು ರೈಲು ನಿಲ್ದಾಣದ ಕಟ್ಟಡದ ಎರಡನೆಯ ಅಂತಸ್ತಿಗೇ ಏರಿ ಬಂದು ನಿಲ್ಲುತ್ತವೆ. ಮಕ್ಕಳಿಗೆ ಅದೇ ಒಂದು ತಮಾಷೆ.

ಆ ಟ್ರಾಮಿನಲ್ಲಿ ಕುಳಿತಾಗಲೇ ಹೇಳಬಹುದಾದ ಕಥೆಯೊಂದಿದೆ. ಯುದ್ಧದ ಕಾಲದಲ್ಲಿ ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ ಟ್ರಾಮ್ ಕಂಪೆನಿ 1943ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆಯಿತು. ಹದಿನಾಲ್ಕು ಹದಿನೈದರ ಹುಡುಗಿಯರು ಸ್ವಲ್ಪ ಹೊತ್ತು ಪಾಠ ಕೇಳುತ್ತಿದ್ದರು, ಉಳಿದ ಹೊತ್ತು ಕಂಡಕ್ಟರುಗಳಾಗಿ, ಚಾಲಕಿಯರಾಗಿ ದುಡಿಯುತ್ತಿದ್ದರು. ಬಾಂಬು ಬಿದ್ದ ದಿನ ಅವರಲ್ಲಿಯೂ ಹಲವರು ಸತ್ತರು. ಆದರೂ ಮೂರೇ ದಿನಕ್ಕೆ, ಆಗಸ್ಟ್ 9ರಂದು, ಊರಿನ ಪಶ್ಚಿಮದ ಒಂದು ತುಂಡು ಹಳಿಯ ಮೇಲೆ ಟ್ರಾಮ್ ಮತ್ತೆ ಓಡಿತು. ಬದುಕುಳಿದ ಹುಡುಗಿಯರೂ ಕೆಲಸಕ್ಕೆ ಬಂದಿದ್ದರು. 1942ರಲ್ಲಿ ತಯಾರಾಗಿ, ಬಾಂಬಿನ ಪೆಟ್ಟು ತಿಂದು, ರಿಪೇರಿಯಾದ 651 ಮತ್ತು 652ನೇ ನಂಬರಿನ ಬಂಡಿಗಳು ಇಂದಿಗೂ ಸೇವೆಯಲ್ಲಿವೆ. ಅವು ಹೆಚ್ಚಾಗಿ ಕಾಣಿಸುವುದು ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ. ಊರಲ್ಲಿ ತಂಗಿದವರಿಗಷ್ಟೇ ಅವು ಕಣ್ಣಿಗೆ ಬೀಳುವ ಸಂಭವ.

ಮೊದಲ ದಿನವನ್ನು ಶಾಂತಿ ಉದ್ಯಾನಕ್ಕೇ ಮೀಸಲಿಡುವುದು ಒಳ್ಳೆಯದು. ಗುಮ್ಮಟದ ಕಟ್ಟಡ 1915ರದು, ಯಾನ್ ಲೆಟ್ಸೆಲ್ ಎಂಬ ಚೆಕ್ ವಾಸ್ತುಶಿಲ್ಪಿ ಕಟ್ಟಿದ ವಾಣಿಜ್ಯ ಪ್ರದರ್ಶನ ಭವನ. 1996ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ 1958ರ ಮಕ್ಕಳ ಸ್ಮಾರಕದ ಬಳಿ. ಸಡಾಕೊ ಸಸಾಕಿ ಎಂಬ ಹುಡುಗಿಗೆ ಬಾಂಬು ಬಿದ್ದಾಗ ಎರಡು ವರ್ಷ. ಮೈಮೇಲೆ ಗಾಯವಿಲ್ಲದೆ ಬೆಳೆದ ಅವಳು ರಕ್ತದ ಕ್ಯಾನ್ಸರಿಗೆ ತುತ್ತಾಗಿ 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಮಡಚುತ್ತಿದ್ದ ಕಾಗದದ ಕೊಕ್ಕರೆಗಳ ಕಥೆ ಬಹುಮಂದಿಗೆ ಗೊತ್ತು. ಸ್ಮಾರಕಕ್ಕಾಗಿ ಹಣ ಕೂಡಿಸಲು ಓಡಾಡಿದವರು ಅವಳ ಸಹಪಾಠಿಗಳು ಎಂಬುದು ಅಷ್ಟು ಗೊತ್ತಿಲ್ಲ. ಹೊರಡುವ ಮುನ್ನ ಮನೆಯಲ್ಲೇ ಕೊಕ್ಕರೆ ಮಡಚುವುದನ್ನು ಕಲಿತು ನಾಲ್ಕಾರು ಒಯ್ದರೆ ಅಲ್ಲಿ ಅರ್ಪಿಸಬಹುದು. ಉದ್ಯಾನದ ಪಕ್ಕದ ಮೊಟೊಯಾಸು ನದಿಯ ಬಳಿ 2023ರ ಮೇ ತಿಂಗಳಲ್ಲಿ ಅನಾವರಣಗೊಂಡ ಗಾಂಧೀಜಿಯ ಎದೆಮಟ್ಟದ ಪ್ರತಿಮೆಯೂ ಇದೆ.

ಇನ್ನು ವಸ್ತುಸಂಗ್ರಹಾಲಯ. ಇಲ್ಲಿ ತಂದೆತಾಯಿಗಳೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. 2017ರವರೆಗೆ ಇದ್ದ, ಸುಟ್ಟ ಮೈಯ ಬೊಂಬೆಗಳನ್ನು ತೆಗೆದಿದ್ದಾರೆ. 2019ರಲ್ಲಿ ಮತ್ತೆ ತೆರೆದ ಮುಖ್ಯ ಕಟ್ಟಡದಲ್ಲಿ ಇರುವುದು ಸತ್ತವರ ನಿಜವಾದ ಬಟ್ಟೆಬರೆ, ಚೀಲ, ಚಪ್ಪಲಿಗಳು. ಕರಿಕಾದ ಒಂದು ಊಟದ ಡಬ್ಬಿ ಇದೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನದು. ಬೆಂಕಿ ಹರಡದಂತೆ ಮನೆಗಳನ್ನು ಕೆಡವುವ ಕೆಲಸಕ್ಕೆ ಅಂದು ಶಾಲಾ ಮಕ್ಕಳನ್ನು ಕಳಿಸಿದ್ದರು. ಅವರಲ್ಲಿ ಸುಮಾರು 6,000 ಮಂದಿ ಸತ್ತರು. ಆ ಹುಡುಗನ ದೇಹವನ್ನು ತಾಯಿ ಗುರುತಿಸಿದ್ದು ಅದರ ಕೆಳಗೆ ಸಿಕ್ಕ ಡಬ್ಬಿಯಿಂದ. ತುಕ್ಕು ಹಿಡಿದ ಮೂರು ಚಕ್ರದ ಸೈಕಲ್ಲೊಂದಿದೆ. ನಾಲ್ಕು ವರ್ಷವೂ ತುಂಬದ ಮಗನ ಜೊತೆಗೇ ತಂದೆ ಅದನ್ನು ಹಿತ್ತಿಲಲ್ಲಿ ಹೂತಿದ್ದ. ನಲವತ್ತು ವರ್ಷದ ಮೇಲೆ, 1985ರಲ್ಲಿ, ತೆಗೆದು ಇಲ್ಲಿಗೆ ಕೊಟ್ಟ. ಹೈಸ್ಕೂಲಿನ ಮಕ್ಕಳು ಇದನ್ನೆಲ್ಲ ತಡೆದುಕೊಂಡಾರು, ತಿಳಿದುಕೊಂಡಾರು. ಏಳೆಂಟು ವರ್ಷದವರಿದ್ದರೆ ಹೆತ್ತವರಲ್ಲಿ ಒಬ್ಬರು ಹೊರಗೆ ಉದ್ಯಾನದಲ್ಲಿ ಅವರೊಡನೆ ಉಳಿಯುವುದೇ ವಾಸಿ, ಅದರಲ್ಲಿ ಸಂಕೋಚವೇನಿಲ್ಲ. ಜನಸಂದಣಿ ವಿಪರೀತ, 2024–25ರ ಸಾಲಿನಲ್ಲಿ 20 ಲಕ್ಷಕ್ಕೂ ಮಿಕ್ಕಿ ಜನ ಬಂದಿದ್ದರು. ಟಿಕೆಟ್ ಮೊದಲೇ ಕಾಯ್ದಿರಿಸಿ ಬೆಳಿಗ್ಗೆ ಬೇಗ ಹೋಗಬೇಕು.

ನಂತರ ಗಡಿಬಿಡಿ ಬೇಡ. ನಡಿಗೆಯ ದೂರದಲ್ಲಿ ಫುಕುರೊಮಾಚಿ ಪ್ರಾಥಮಿಕ ಶಾಲೆಯ ಹಳೆಯ ಕಟ್ಟಡದ ಒಂದು ಭಾಗ ಉಳಿದಿದೆ. ಮಸಿ ಹಿಡಿದ ಅದರ ಗೋಡೆಗಳ ಮೇಲೆ, ಕಾಣೆಯಾದವರನ್ನು ಹುಡುಕುತ್ತಿದ್ದವರು ಸೀಮೆಸುಣ್ಣದಲ್ಲಿ ಸಂದೇಶ ಬರೆದಿದ್ದರು. ಅಲ್ಲಿ ಗದ್ದಲವೂ ಕಡಿಮೆ. ಸಂಜೆಗೆ ಶುಕ್ಕೆಯ್ಎನ್ ಉದ್ಯಾನ. 1620ರ ಈ ತೋಟಕ್ಕೂ ಅಂದು ಗಾಯಾಳುಗಳು ಓಡಿಬಂದಿದ್ದರು. ಬಾಗಿ ನಿಂತ ಗಿಂಕೊ ಮರವೊಂದು ಆ ದಿನವನ್ನು ಕಂಡದ್ದು, ಈಗಲೂ ಚಿಗುರುತ್ತದೆ. ಕೊಳದ ದಂಡೆಯಲ್ಲಿ ಮಕ್ಕಳು ಪ್ರಶ್ನೆ ಕೇಳತೊಡಗುವುದು ಇಂಥ ಹೊತ್ತಿನಲ್ಲೇ.

ಊಟದ ವಿಷಯ. ಒಕೊನೊಮಿಯಾಕಿ ಇಲ್ಲಿಯ ಹೆಮ್ಮೆ. ಹಿಟ್ಟನ್ನು ದೋಸೆಯಂತೆ ತೆಳ್ಳಗೆ ಹರಡಿ, ಮೇಲೆ ರಾಶಿ ಎಲೆಕೋಸು, ನೂಡಲ್ಸ್, ಹಂದಿಮಾಂಸ, ಮೊಟ್ಟೆ ಒಟ್ಟಿ ಬೇಯಿಸುತ್ತಾರೆ. ‘ನಿಕು ನಾಶಿ’ ಎಂದರೆ ಮಾಂಸ ಬಿಡುತ್ತಾರೆ, ಆದರೆ ಸಾಸಿನಲ್ಲೂ ಮಾಂಸ, ಮೀನಿನ ಅಂಶ ಇರುವುದುಂಟು. ಕಟ್ಟಾ ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಂಡರೆ ನಿಶ್ಚಿಂತೆ.

ಎರಡನೆಯ ದಿನ ಮಿಯಾಜಿಮಾ. ಊರಿನಿಂದ ರೈಲಿನಲ್ಲಿ ಅರ್ಧ ಗಂಟೆ, ಅಲ್ಲಿಂದ ದೋಣಿಯಲ್ಲಿ ಹತ್ತು ನಿಮಿಷ. ಇತ್ಸುಕುಶಿಮಾ ದೇಗುಲದ ಕೆಂಪು ತೋರಣ ಸಮುದ್ರದಲ್ಲೇ ನಿಂತಿದೆ. ಈಗಿನದು 1875ರದು, ಸುಮಾರು 16 ಮೀಟರ್ ಎತ್ತರ, ಕಂಬಗಳನ್ನು ಆಳಕ್ಕೆ ಹೂಳದೆ ತನ್ನ ತೂಕದಿಂದಲೇ ನಿಂತಿದೆ. ಭರತದಲ್ಲಿ ಅದು ನೀರ ಮೇಲೆ ತೇಲಿದಂತೆ ಕಾಣುತ್ತದೆ, ಇಳಿತದಲ್ಲಿ ಕೆಸರು ತುಳಿದು ಅದರ ಬುಡದವರೆಗೂ ನಡೆಯಬಹುದು. ಎರಡರ ನಡುವೆ ಸುಮಾರು ಆರು ಗಂಟೆ. ಆದ್ದರಿಂದ ಗಡಿಯಾರಕ್ಕಿಂತ ಮೊದಲು ಆ ದಿನದ ಉಬ್ಬರವಿಳಿತದ ವೇಳಾಪಟ್ಟಿ ನೋಡಿ ಹೊರಡಬೇಕು. ಅದನ್ನು ಓದುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದರಾಯಿತು. ಒಂದು ಎಚ್ಚರಿಕೆ: ದ್ವೀಪದ ಜಿಂಕೆಗಳು ಕೈಯಲ್ಲಿ ಹಿಡಿದ ಕಾಗದವನ್ನೆಲ್ಲ ತಿನ್ನುತ್ತವೆ. ವೇಳಾಪಟ್ಟಿ, ವಾಪಸು ಟಿಕೆಟ್ಟು ಜೇಬಿನೊಳಗಿರಲಿ.