ತವರಿನ ಗಂಟು ಗಟ್ಟಿ ಕಟ್ರಿ

ಮಗಳು ತವರಿಂದ ಹೊಂಟಾಗ ಗಾಡಿ ಹಿಂದ ಜಾಗಾ ಖಾಲಿ ಉಳದ್ರ ಯಾವ ತಾಯಿಗೂ ಸಮಾಧಾನ ಆಗೂದಿಲ್ಲ. ಜ್ವಾಳದ ಚೀಲ, ಶೇಂಗಾ, ಬೆಲ್ಲದ ಪೆಂಟಿ, ಎಣ್ಣಿ ಡಬ್ಬಿ, ಪಂಚಮಿ ಇದ್ರ ಉಂಡಿ, ಅದರ ಮ್ಯಾಲ ನಾಕು ತೆಂಗಿನಕಾಯಿ. ಗಂಡಸರು ಎಲ್ಲಾನೂ ಡಿಕ್ಕಿಗೆ ತುರಕಿ, ಬಾಗಲಾ ಬಡದು, "ನಡೀರಿ, ಹೊತ್ತಾತು" ಅಂತಾರ.

ನಮ್ಮವ್ವ ಮಾತ್ರ ಬಿಡೂದಿಲ್ಲ. "ತಡಿಯಪಾ, ಮೊದಲ ಕಟ್ಟು" ಅಂತಾಳ. ಚಕ್ಕಡಿ ಹೇರು ನೋಡಿ ಬೆಳದಾಕಿ ಅಕಿ. ಇಳುಕಲದಾಗ ಚೀಲ ಮುಂದ ಜಾರಿದ್ರ ಎಲ್ಲಾ ಭಾರ ಎತ್ತಿನ ಹೆಗಲಿಗೆ ಬೀಳತೈತಿ ಅನ್ನೂದು ಅಕಿಗೆ ಗೊತ್ತು.

ಕಾರಿನ್ಯಾಗೂ ಅಷ್ಟ. "ಚೀಲ ಭಾರ ಐತಿ, ಎಲ್ಲಿ ಹೋಗತೈತಿ" ಅನ್ನಬ್ಯಾಡ್ರಿ. ಬ್ರೇಕ್ ಹಿಡಿಯೂದು ಗಾಲಿಗೆ, ಚೀಲಕ್ಕಲ್ಲ. ಗಾಡಿ ನಿಂತ್ರೂ ಚೀಲ ಮುಂದ ನುಗ್ಗತೈತಿ. 40ರ ವೇಗ 80 ಆದ್ರ ಅದರೊಳಗಿನ ಶಕ್ತಿ ಎರಡು ಪಟ್ಟಲ್ಲ, ನಾಕು ಪಟ್ಟು ಆಗತೈತಿ. ಡಿಕ್ಕಿ ಮುಂದಿನ ಸೀಟಿನ್ಯಾಗ ಕುಂತವರು ಯಾರು? ನಮ್ಮ ಹುಡುಗುರು, ನಮ್ಮ ಮುದುಕರು.

ಅದಕ್ಕ ನಮ್ಮ ಮನ್ಯಾಗ ಹಿಂಗ ಮಾಡ್ತೀವಿ. ಭಾರದ ಚೀಲ ಎಲ್ಲಾಕಿಂತ ಕೆಳಗ, ಸೀಟಿನ ಬೆನ್ನಿಗೆ ಹತ್ತಿಸಿ ಅಡ್ಡ ಮಲಗಸ್ತೀವಿ. ಎಣ್ಣಿ ಡಬ್ಬಿ ನಿಲ್ಲಿಸಿ, ಸಂದ್ಯಾಗ ಹಳೇ ಕೌದಿ ತುರಕತೀವಿ. ತೆಂಗಿನಕಾಯಿ, ಸ್ಟೀಲ್ ಡಬ್ಬಿ ಬಿಡಿ ಬಿಡಿ ಇಡೂದಿಲ್ಲ, ಒಂದ ಚೀಲಕ್ಕ ಹಾಕಿ ಬಾಯಿ ಕಟ್ಟತೀವಿ. ಡಿಕ್ಕಿಯೊಳಗಿನ ಕೊಂಡಿಗೆ ಹಗ್ಗ ಹಾಕಿ ಕತ್ರಿ ಹಾಂಗ ಬಿಗೀತೀವಿ. ರಬ್ಬರ್ ಹಗ್ಗ ಜಗ್ಗಿದ್ರ ಉದ್ದ ಆಗತೈತಿ, ಭಾರಕ್ಕ ಅದು ಬ್ಯಾಡ. ಸೀಟಿನ ಬೆನ್ನಿಗಿಂತ ಎತ್ತರ ಹೇರೂದಿಲ್ಲ, ಡ್ರೈವರಿಗೆ ಹಿಂದಿನ ರಸ್ತೆ ಕಾಣಬೇಕು. ಹಿಂದಿನ ಸೀಟಿನ್ಯಾಗ ಯಾರೂ ಇಲ್ಲಂದ್ರೂ ಬೆಲ್ಟ್ ಹಾಕಿಡತೀವಿ, ಸೀಟಿನ ಬೆನ್ನಿಗೆ ಅದು ಆಸರ.

ನೀರಿನ ಬಾಟ್ಲಿ ಡ್ರೈವರ್ ಕಾಲ ಹತ್ರ ಇಡಬ್ಯಾಡ್ರಿ. ಉರುಳಿ ಬ್ರೇಕಿನ ಕೆಳಗ ಸಿಕ್ಕೊಂಡ್ರ ಬ್ರೇಕ್ ಪೂರಾ ಒತ್ತಾಕ ಆಗೂದಿಲ್ಲ. 10-15 ಕಿಲೋಮೀಟರ್ ಹೋದ ಮ್ಯಾಲ ಒಮ್ಮೆ ನಿಲ್ಲಿಸಿ ಹಗ್ಗ ಮುಟ್ಟಿ ನೋಡ್ರಿ. ಕಾಳಿನ ಚೀಲ ಅಲುಗಾಡಿ ತಗ್ಗಿರತೈತಿ, ಹಗ್ಗ ಸಡಲಾಗಿರತೈತಿ.

ಮತ್ತ ಜಾಗಾ ಇಲ್ಲಂತ ಹುಡುಗುರನ್ನ ಡಿಕ್ಕ್ಯಾಗ ಚೀಲದ ಮ್ಯಾಲ ಕುಂದ್ರಸೂದು ಮಾತ್ರ ಬ್ಯಾಡವ್ವಾ. ಒಂದು ಚೀಲ ಅಲ್ಲೇ ಬಿಟ್ಟು ಬರ್ರಿ. ಅವ್ವ ಒಂದೀಟು ಮಾರಿ ಸಣ್ಣ ಮಾಡ್ತಾಳ, ಮಾಡಲಿ. ಅದನ್ನ ತರೂ ನೆವದಾಗ ಇನ್ನೊಮ್ಮೆ ತವರಿಗೆ ಹೋಗಿ ಬರಬಹುದಲ್ಲ!