ಮಾಗರ್ಸ್‌ಫಾಂಟೇನ್‌ನ ನಾಲ್ಕು ಕಲ್ಲುಗಳು

ದಕ್ಷಿಣ ಆಫ್ರಿಕಾದ ಕಿಂಬರ್ಲಿಯಿಂದ ತೆಂಕಣಕ್ಕೆ ಸುಮಾರು ಮೂವತ್ತು ಕಿಲೋಮೀಟರು ಬಂದರೆ ಒಣಹುಲ್ಲಿನ ಬಯಲಿನಲ್ಲಿ ಮಾಗರ್ಸ್‌ಫಾಂಟೇನ್ ಗುಡ್ಡ ಸಿಗುತ್ತದೆ. ಡಚ್ ಮೂಲದ ಬಿಳಿ ವಲಸಿಗರಾದ ಬೋಯರರ ವಿರುದ್ಧದ ಯುದ್ಧದಲ್ಲಿ, 1899ರ ಡಿಸೆಂಬರ್ 11ರ ನಸುಕಿನಲ್ಲಿ ಬ್ರಿಟಿಷರ ಹೈಲ್ಯಾಂಡ್ ದಳ ನುಚ್ಚುನೂರಾದದ್ದು ಇಲ್ಲಿಯೇ. ಬೋಯರ್ ಸೇನಾನಿ ಡಿ ಲಾ ರೇ ಕಂದಕಗಳನ್ನು ಗುಡ್ಡದ ನೆತ್ತಿಯಲ್ಲಲ್ಲ, ಬುಡದಲ್ಲಿ ತೋಡಿಸಿದ್ದ. ಬ್ರಿಟಿಷ್ ಫಿರಂಗಿಗಳು ಬರಿದಾದ ನೆತ್ತಿಗೆ ಗುಂಡು ಸುರಿದವು. ಆದರೆ ನಾನು ಇಷ್ಟು ದೂರ ಬಂದದ್ದು ಬೋಯರರ ಪರ ಹೋರಾಡಿದ ಸ್ಕ್ಯಾಂಡಿನೇವಿಯನ್ ಸ್ವಯಂಸೇವಕರ ಸ್ಮಾರಕಕ್ಕಾಗಿ. ನಾಲ್ಕು ಮೂಲೆಗೆ ನಾಲ್ಕು ಕಲ್ಲು: ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್. ಮುಂಚೂಣಿಯ ಕಾವಲಿನಲ್ಲಿದ್ದ ಆ ಸಣ್ಣ ತುಕಡಿಯಲ್ಲಿ ಸಾಯದೆ, ಗಾಯಗೊಳ್ಳದೆ, ಸೆರೆಯಾಗದೆ ಉಳಿದವರು ಬೆರಳೆಣಿಕೆಯಷ್ಟು. ಫಿನ್‌ಲ್ಯಾಂಡ್ ಆಗ ರಷ್ಯಾದ ಜಾರ್ ದೊರೆಯ ಕೈಯಲ್ಲಿತ್ತು, ನಾರ್ವೆ ಸ್ವೀಡನ್ನಿನ ರಾಜನಡಿಯಲ್ಲಿತ್ತು. ತಮ್ಮ ನಾಡಿಗೇ ಪೂರ್ಣ ಸ್ವಾತಂತ್ರ್ಯವಿಲ್ಲದವರು ಇನ್ನೊಂದು ಸಣ್ಣ ಜನಾಂಗದ ಸ್ವಾತಂತ್ರ್ಯಕ್ಕೆ ಪ್ರಾಣ ಕೊಟ್ಟರು ಎಂದುಕೊಂಡಾಗ ಆ ಕಲ್ಲುಗಳ ಮುಂದೆ ತಲೆ ತಾನಾಗಿ ಬಾಗುತ್ತದೆ. ಅವರಂತೆಯೇ ಬೋಯರರ ಪರ ಹೋರಾಡಿ 1900ರ ಏಪ್ರಿಲ್ 5ರಂದು ಬೊಶಾಫ್‌ನಲ್ಲಿ ಸತ್ತ ಫ್ರೆಂಚ್ ಸೇನಾಧಿಕಾರಿ ವಿಲ್‌ಬುವಾ-ಮರೈಯ ಅಸ್ಥಿಯನ್ನೂ 1971ರಲ್ಲಿ ಮಾಗರ್ಸ್‌ಫಾಂಟೇನ್‌ಗೇ ತಂದು ಹೂತಿದ್ದಾರೆ.

ಬಾಗಿದ ತಲೆಯನ್ನು ಎತ್ತಿದ ಮೇಲೂ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಯಾರ ಸ್ವಾತಂತ್ರ್ಯ? ಬೋಯರರ ಗಣರಾಜ್ಯವಾದ ಟ್ರಾನ್ಸ್‌ವಾಲ್‌ನ 1858ರ ಸಂವಿಧಾನ ಬಿಳಿಯರಿಗೂ ಕರಿಯರಿಗೂ ಚರ್ಚಿನಲ್ಲಾಗಲಿ ರಾಜ್ಯದಲ್ಲಾಗಲಿ ಸಮಾನತೆಯಿಲ್ಲವೆಂದು ಬರೆದುಕೊಂಡೇ ಹುಟ್ಟಿತ್ತು. ಈಗಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಬ್ರಿಟಿಷರ ಸೆರೆಶಿಬಿರಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೋಯರ್ ಹೆಂಗಸರು, ಮಕ್ಕಳು ಸತ್ತರಲ್ಲ, ಅವರ ಪರ ನಿಂತದ್ದು ತಪ್ಪೇ ಎಂದೂ ಕೇಳುತ್ತಾರೆ. ಸಾಮ್ರಾಜ್ಯದ ಕ್ರೌರ್ಯ ನಿಜ, ಅದಕ್ಕೆ ಎದುರು ನಿಂತವರ ಧೈರ್ಯವೂ ನಿಜ. ಆದರೆ ಅದೇ ಯುದ್ಧದಲ್ಲಿ ಕರಿಯರಿಗೆಂದೇ ಕಟ್ಟಿದ ಬೇರೆ ಶಿಬಿರಗಳಲ್ಲೂ ಸಾವಿರ ಸಾವಿರ ಜನ ಸತ್ತರು. ಬೋಯರ್ ಸವಾರನ ಹಿಂದೆ ಕುದುರೆ ನೋಡಿಕೊಳ್ಳುತ್ತ, ಅಡುಗೆ ಮಾಡುತ್ತ, ತೋಟಾ ಹೊರುತ್ತ ಇದ್ದ ಕರಿಯ ಆಳಿಗೆ 'ಆಖ್ಟರ್‌ರೈಯರ್' ಎನ್ನುತ್ತಿದ್ದರು, ಹಿಂಬದಿ ಸವಾರ ಎಂದು. ಈ ಅಸಮಾನತೆಯನ್ನು ಕಾಣಲು ಇಪ್ಪತ್ತೊಂದನೆಯ ಶತಮಾನದ ಕಣ್ಣು ಬೇಕಿರಲಿಲ್ಲ. ಅದು ಪ್ರತಿ ಬಿಡಾರದ ಒಲೆಯ ಮುಂದೆ ಕೂತಿತ್ತು. ನಾರ್ವೆಯವನು ಬಾರದೆ ಇರಬಹುದಿತ್ತು. ಈ ಆಳಿಗೆ ಅಂಥ ಆಯ್ಕೆ ಎಲ್ಲಿತ್ತು? ಸ್ವಯಂಸೇವಕ ಎಂಬ ಮಾತಿನ ತೂಕವೆಲ್ಲ ಆ 'ಸ್ವಯಂ'ನಲ್ಲಿದೆ. ಅದು ಗುಣಕ್ಕಿಂತ ಮೊದಲು ಒಂದು ಹಕ್ಕು, ಮತ್ತು ಆ ನೆಲದಲ್ಲಿ ಅದು ಎಲ್ಲರಿಗೂ ಇರಲಿಲ್ಲ.

ಅಲ್ಲಿಂದ ಪೂರ್ವಕ್ಕೆ, ನಟಾಲ್‌ನ ಸ್ಪಯಾನ್ ಕಾಪ್ ಬೆಟ್ಟಕ್ಕೆ ಬಂದರೆ ಈ ಮಾತು ನಮ್ಮವರಿಗೂ ತಗಲುತ್ತದೆ. ಇಲ್ಲಿ 1900ರ ಜನವರಿಯ ಕಾಳಗದಲ್ಲಿ ಬ್ರಿಟಿಷರ ಗಾಯಾಳುಗಳನ್ನು ಹೊತ್ತವರಲ್ಲಿ ಗಾಂಧೀಜಿಯ ಭಾರತೀಯ ಆಂಬ್ಯುಲೆನ್ಸ್ ದಳವೂ ಇತ್ತು. ತಮ್ಮ ಮನಸ್ಸು ಬೋಯರರ ಕಡೆಗಿತ್ತು, ಆದರೂ ಬ್ರಿಟಿಷ್ ಪ್ರಜೆಯಾಗಿ ಹಕ್ಕು ಕೇಳುವವನಿಗೆ ಕರ್ತವ್ಯವೂ ಉಂಟೆಂದು ಸೇರಿದೆ ಎಂದು ಗಾಂಧಿ ಬರೆದಿದ್ದಾರೆ. ಮನಸ್ಸನ್ನೂ ಕರ್ತವ್ಯವನ್ನೂ ತೂಗಿ ನೋಡುವಷ್ಟು ಅವಕಾಶ ಅವರಿಗಿತ್ತು. ದಳದ ಸುಮಾರು 1,100 ಮಂದಿಯಲ್ಲಿ ಅಂಥ ಸ್ವತಂತ್ರರು ಸುಮಾರು 300. ಮಿಕ್ಕವರೆಲ್ಲ ಕರಾರಿನ ಕೂಲಿಗಳು. ಆ ಕಡಿದಾದ ಇಳಿಜಾರನ್ನು ನೋಡುತ್ತ ನಿಂತರೆ ಡೋಲಿಯ ಕೋಲು ಹೆಗಲಿಗೆ ಒತ್ತಿದ್ದು ಊಹೆಗೆ ಬರುತ್ತದೆ. ದಿನಕ್ಕೆ 20ರಿಂದ 25 ಮೈಲಿ ನಡೆಯಬೇಕಾಗುತ್ತಿತ್ತು. ಯುದ್ಧದ ಪದಕಗಳು ಬಂದದ್ದು ಮುಂದಾಳುಗಳಿಗೆ.