ದುಬೈಗೆ ಹೊರಟವರ ಮೊಬೈಲು

ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ದುಬೈ ಪರದೇಶವೆಂದು ಅನ್ನಿಸುವುದೇ ಕಡಿಮೆ. ಮಗನೋ ಅಳಿಯನೋ ಅಲ್ಲಿರುತ್ತಾನೆ. ಮಂಗಳೂರಿನಲ್ಲಿಯೋ ಕಣ್ಣೂರಿನಲ್ಲಿಯೋ ವಿಮಾನ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಅಲ್ಲಿ ಇಳಿಯಬಹುದು. ಬೇಸಗೆ ರಜೆ ಸಿಕ್ಕಿದೊಡನೆ ಮಕ್ಕಳನ್ನು ಕರೆದುಕೊಂಡು ಸಂದರ್ಶಕ ವೀಸಾದಲ್ಲಿ ಹೊರಡುವ ತಾಯಂದಿರೂ ಅಜ್ಜಿಯರೂ ಅನೇಕ. ಅದು ಪರದೇಶವೇ ಎಂಬುದು ಅರಿವಿಗೆ ಬರುವುದು, ವಿಮಾನ ನಿಲ್ದಾಣದ ವೈಫೈ ಹಿಡಿದು ‘ತಲಪಿದೆವು’ ಎಂದು ಊರಿಗೆ ಹೇಳಲು ವಾಟ್ಸಾಪ್ ಕರೆಯನ್ನು ಒತ್ತಿದಾಗ. ಸಂದೇಶ ಹೋಗುತ್ತದೆ, ಚಿತ್ರ ಹೋಗುತ್ತದೆ. ಮಾತು ಮಾತ್ರ ಹೋಗುವುದಿಲ್ಲ.

ಫೋನು ಕೆಟ್ಟಿತೆಂದು ಗಾಬರಿಪಡುವವರಿದ್ದಾರೆ. ಕೆಟ್ಟಿರುವುದಿಲ್ಲ. ಅಂತರ್ಜಾಲದ ಮೂಲಕ ಮಾತನಾಡಿಸುವ ಸೇವೆಗೆ ಆ ದೇಶದಲ್ಲಿ ದೂರಸಂಪರ್ಕ ಪ್ರಾಧಿಕಾರದ ಅನುಮತಿ ಬೇಕು. ಬೋಟಿಮ್ ಮೊದಲಾದ ಕೆಲವು ಆ್ಯಪ್‌ಗಳಿಗೆ ಅದು ದೊರೆತಿದೆ. ಆದುದರಿಂದ ಹೊರಡುವ ಮೊದಲೇ ಬೋಟಿಮನ್ನು ಪ್ರಯಾಣಿಕರ ಫೋನಿನಲ್ಲಿಯೂ ಊರಲ್ಲಿ ಉಳಿಯುವವರ ಫೋನಿನಲ್ಲಿಯೂ ಹಾಕಿಸಿ, ಒಮ್ಮೆ ಮಾತನಾಡಿ ನೋಡುವುದು ಲೇಸು. ಒಬ್ಬರಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ಪರಿಚಿತರು ಯಾರಾದರೂ ‘ವಿಪಿಎನ್ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂದು ಹೇಳದಿರುವುದಿಲ್ಲ. ಆ ಸಲಹೆಯನ್ನು ಸ್ವೀಕರಿಸುವ ಮೊದಲು ಅಲ್ಲಿಯ ಸೈಬರ್ ಅಪರಾಧ ಕಾನೂನನ್ನು, ಅಂದರೆ 2021ರ 34ನೇ ಶಾಸನವನ್ನು, ನೆನೆಯಬೇಕು. ವಿಪಿಎನ್ ಇರಿಸಿಕೊಂಡದ್ದೇ ಅಪರಾಧವೆಂದು ಅದು ಹೇಳುವುದಿಲ್ಲ. ಕಂಪೆನಿಗಳೂ ಬ್ಯಾಂಕುಗಳೂ ಅದನ್ನು ಬಳಸುತ್ತವೆ. ಆದರೆ ಅಪರಾಧವೆಸಗಲು ಅಥವಾ ಅದನ್ನು ಮರೆಮಾಚಲು ಅಂತರ್ಜಾಲ ವಿಳಾಸವನ್ನು ಬದಲಿಸಿದವನಿಗೆ ಸೆರೆವಾಸವನ್ನೂ, 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗಿನ ದಂಡವನ್ನೂ ವಿಧಿಸಲು ಅವಕಾಶವಿದೆ. ನಿರ್ಬಂಧಿತ ಸೇವೆಯನ್ನು ಪಡೆಯಲೆಂದು ಅದನ್ನು ಬಳಸಿದವನು ಆ ಕಲಮಿನ ಹೊಸ್ತಿಲಲ್ಲೇ ನಿಂತಂತೆ. ಒಂದು ಉಚಿತ ಕರೆಗಾಗಿ ಅಷ್ಟು ದೂರ ಹೋಗಬೇಕೆ? ಅದೇ ಶಾಸನದ ಪ್ರಕಾರ, ಅಪರಿಚಿತರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದೂ, ಸಂದೇಶದಲ್ಲಿ ಒಬ್ಬರನ್ನು ಬೈಯುವುದೂ ಅಪರಾಧ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಜಗಳವಾಡುವ ಹವ್ಯಾಸವಿದ್ದವರು ರಜೆ ಮುಗಿಯುವ ತನಕ ಸುಮ್ಮನಿರುವುದು ಕ್ಷೇಮ.

ಊರಿನ ಸಿಮ್ಮನ್ನು ತೆಗೆದಿಡಬಾರದು. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಅದರ ಡೇಟಾ ರೋಮಿಂಗನ್ನು ಮಾತ್ರ ನಿಲ್ಲಿಸಿದರೆ ಸಾಕು.

ಭಾಷೆಯ ವಿಷಯದಲ್ಲಿ ಗಡಿನಾಡಿನವರು ಅದೃಷ್ಟವಂತರು. ದುಬೈಯ ಅಂಗಡಿಗಳಲ್ಲಿ ಮಲಯಾಳ ಬಲ್ಲವನಿಗೆ ಅರ್ಧ ಕೆಲಸ ಆದಂತೆಯೇ. ಉಳಿದ ಅರ್ಧಕ್ಕೆ ಗೂಗಲ್ ಟ್ರಾನ್ಸ್‌ಲೇಟ್ ಇದೆ. ಅರಬ್ಬಿಯನ್ನೂ ಕನ್ನಡವನ್ನೂ ಮನೆಯಲ್ಲಿಯೇ ಇಳಿಸಿಕೊಂಡರೆ ಅಂತರ್ಜಾಲವಿಲ್ಲದಾಗಲೂ ಅದು ದುಡಿಯುತ್ತದೆ. ಅರಬ್ಬಿ ಬರಹದೆದುರು ಕ್ಯಾಮೆರಾ ಹಿಡಿದಾಗ ಪರದೆಯ ಮೇಲೆ ಕನ್ನಡದ ಅಕ್ಷರ ಮೂಡುವುದನ್ನು ಕನ್ನಡ ಶಾಲೆಯ ಮಗುವೊಂದು ನೋಡಬೇಕು. ಆ ಕನ್ನಡ ಕೆಲವೊಮ್ಮೆ ನಗು ತರಿಸುತ್ತದೆ, ನಿಜ. ಔಷಧದ ಚೀಟಿಗೆ ಅದನ್ನೇ ನಂಬುವಂತಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದುದು ಬಹುಮಂದಿಗೆ ತಿಳಿಯದ ‘ಮಕಾನಿ’. ದುಬೈಯಲ್ಲಿ ಅಂಚೆಯವನು ಮನೆಮನೆಗೆ ಕಾಗದ ತರುವ ರೂಢಿ ಬೆಳೆಯಲಿಲ್ಲ. ಅಂಚೆಪೆಟ್ಟಿಗೆಯ ಸಂಖ್ಯೆಯೇ ವಿಳಾಸ. ದಾರಿ ಕೇಳಿದರೆ ‘ಮಸೀದಿಯ ಹಿಂದೆ, ಸೂಪರ್ ಮಾರ್ಕೆಟಿನ ಎದುರು’ ಎಂಬ ಉತ್ತರ ಬರುತ್ತಿತ್ತು. ಮನೆ ಹೆಸರು, ಅಂಚೆ, ‘ವಯಾ’ ಎಂದು ಬರೆಯುವ ನಮ್ಮ ಕಡೆಯವರಿಗೆ ಇದು ಅಪರಿಚಿತವಲ್ಲ. ಆ ತೊಡಕಿಗೆ ನಗರಪಾಲಿಕೆ ಕಂಡುಕೊಂಡ ಪರಿಹಾರವೆಂದರೆ, ಪ್ರತಿ ಕಟ್ಟಡದ ಬಾಗಿಲಿಗೊಂದು ಹತ್ತು ಅಂಕೆಯ ಸಂಖ್ಯೆ. ಗೋಡೆಯ ಫಲಕದಲ್ಲಿರುವ ಆ ಸಂಖ್ಯೆಯನ್ನು ಆ್ಯಪ್‌ನಲ್ಲಿ ಒತ್ತಿದರೆ ಅದೇ ಬಾಗಿಲಿಗೆ ದಾರಿ ತೋರಿಸುತ್ತದೆ. ಮಗನ ಕಟ್ಟಡದ ಮಕಾನಿ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲಿಯೂ ಬರೆದು ಅಜ್ಜಿಯ ಕೈಚೀಲದಲ್ಲಿ ಇರಿಸಬೇಕು. ಬ್ಯಾಟರಿ ಮುಗಿದ ಫೋನು ಯಾರಿಗೂ ದಾರಿ ಹೇಳದು. ಅದೇ ಚೀಟಿಯಲ್ಲಿ ಪೊಲೀಸರ 999, ಆಂಬುಲೆನ್ಸಿನ 998, ಭಾರತೀಯರ ಸಹಾಯ ಕೇಂದ್ರದ ಉಚಿತ ಸಂಖ್ಯೆ 800 46342 ಕೂಡ ಇರಲಿ.

ಬಾಡಿಗೆ ಕಾರಿಗೆ ಕರೀಮ್ ಇದೆ. ಮೆಟ್ರೋ, ಬಸ್ಸುಗಳ ವೇಳೆಯನ್ನು ಸಾರಿಗೆ ಪ್ರಾಧಿಕಾರದ ಆ್ಯಪ್ ತಿಳಿಸುತ್ತದೆ. ಹಣ ಕೊಡಲು ‘ನೋಲ್’ ಕಾರ್ಡು ಬೇಕು. 2009ರಲ್ಲಿ ಆರಂಭವಾದ ಆ ಮೆಟ್ರೋಗೆ ಚಾಲಕನಿಲ್ಲ. ಮುಂದಿನ ಗಾಜಿನ ಬಳಿ ನಿಂತ ಮಕ್ಕಳನ್ನು ಅಲ್ಲಿಂದ ಕದಲಿಸುವುದು ಕಷ್ಟ. ಬುತ್ತಿ ಮಾತ್ರ ಬಿಚ್ಚಬಾರದು, ತಿಂದರೆ 100 ದಿರ್ಹಮ್ ದಂಡ.

ದೇರಾದ ಮಸಾಲೆ ಪೇಟೆಯಿಂದ ಬರ್ ದುಬೈಗೆ ಖಾರಿ ದಾಟಲು ಇಂದಿಗೂ ಅಬ್ರಾ ಎಂಬ ಮರದ ದೋಣಿಗಳಿವೆ. ಕಡವಿನ ದೋಣಿ ಕಂಡ ನಮ್ಮ ಹಿರಿಯರು ಅದರಲ್ಲಿ ನಿರಾಳವಾಗಿ ಕೂರುತ್ತಾರೆ. ಅಲ್ಲಿ ಆ್ಯಪ್ ಬೇಡ, ಕಾರ್ಡೂ ಬೇಡ. ದೋಣಿ ನಡುನೀರಿಗೆ ಬಂದಾಗ ಅಂಬಿಗನ ಕೈಗೆ ಒಂದು ದಿರ್ಹಮ್ ನಾಣ್ಯವನ್ನು ಹಾಕಿದರಾಯಿತು.